ಹಗಲು ಉರಿಯುವ ಫರ್ನೇಸ್ ರಾತ್ರಿ ಕೈಕೊಟ್ಟಾಗ

ಕೊಲೊರಾಡೊದಲ್ಲಿ ಆರ್‌ವಿ ರಿಪೇರಿ ಮಾಡುವುದು ನನ್ನ ಕೆಲಸ. ಆರ್‌ವಿ ಅಂದರೆ ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಅಕ್ಟೋಬರ್ ಬಂತೆಂದರೆ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಒಳಗೆ ಬಿಸಿ ಗಾಳಿ ಊದುವ ಹೀಟರ್, ಅದರ ದೂರುಗಳೇ ಜಾಸ್ತಿ. ಪೂರ್ತಿ ಕೆಟ್ಟಿದ್ದರೆ ಹೇಗೋ ಹಿಡಿಯಬಹುದು. ಒಮ್ಮೆ ಉರಿದು ಇನ್ನೊಮ್ಮೆ ಉರಿಯದೇ ಇರುವುದು ಇದೆಯಲ್ಲ, ಅದು ತಲೆ ತಿನ್ನುತ್ತದೆ.

ಹೋದ ವರ್ಷ ವಯಸ್ಸಾದ ಗಂಡ ಹೆಂಡತಿ ಒಂದು ಟ್ರೈಲರ್ (ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವ ಆರ್‌ವಿ) ತಂದರು. ಬೆಟ್ಟದ ಕಡೆ, ಕರೆಂಟ್ ಇಲ್ಲದ ಜಾಗದಲ್ಲಿ ನಿಲ್ಲಿಸಿಕೊಂಡು ಮಲಗುತ್ತಾರೆ. ಸಂಜೆ ಬಿಸಿ ಗಾಳಿ ಚೆನ್ನಾಗಿ ಬರುತ್ತದೆ, ಬೆಳಗಿನ ಜಾವ 3 ಗಂಟೆಗೆ ಎಚ್ಚರವಾದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ಗಾಳಿ ತಣ್ಣಗೆ. ಬೇರೆ ಕಡೆ ಎರಡು ಸಲ ಫರ್ನೇಸಿನ ಸರ್ಕ್ಯೂಟ್ ಬೋರ್ಡ್ ಬದಲಾಯಿಸಿದ್ದರಂತೆ. ಎರಡೆರಡು ಸ್ವೆಟರ್ ಹಾಕಿಕೊಂಡು ಮಲಗಿದ್ದನ್ನು ಆ ಅಜ್ಜಿ ಹೇಳುವಾಗ ನನಗೆ ತುಂಬಾ ಬೇಜಾರಾಯಿತು.

ಶಾಪಿನ ಕರೆಂಟಿಗೆ ಪ್ಲಗ್ ಹಾಕಿ ಥರ್ಮೋಸ್ಟಾಟ್ (ಎಷ್ಟು ಬಿಸಿ ಬೇಕೆಂದು ಹೇಳುವ ಸ್ವಿಚ್) ಏರಿಸಿದೆ. ಹತ್ತು ಸಲ ಹಾಕಿದರೆ ಹತ್ತು ಸಲವೂ ಉರಿಯಿತು. ಅರ್ಧ ದಿನ ಹೀಗೇ ಹೋಯಿತು.

ಈ ಫರ್ನೇಸ್ ಹೊತ್ತಿಕೊಳ್ಳಲು ಒಂದು ಕ್ರಮ ಇದೆ. ಮೊದಲು 12 ವೋಲ್ಟಿನ ಬ್ಲೋವರ್, ಅಂದರೆ ಫ್ಯಾನ್, ವೇಗವಾಗಿ ತಿರುಗಬೇಕು, ಆ ಗಾಳಿ ಸೈಲ್ ಸ್ವಿಚ್ಚಿನ ತೆಳುವಾದ ತಗಡನ್ನು ತಳ್ಳಬೇಕು, ಆ ಸ್ವಿಚ್ ಆನ್ ಆದಮೇಲೆ ಮಾತ್ರ ಬೋರ್ಡ್ ಗ್ಯಾಸ್ ಬಿಟ್ಟು ಕಿಡಿ ಹೊಡೆಯುತ್ತದೆ. ಬ್ಲೋವರ್ ಸ್ವಲ್ಪ ನಿಧಾನವಾದರೂ ತಗಡು ಪೂರ್ತಿ ಸರಿಯುವುದಿಲ್ಲ, ಫ್ಯಾನ್ ಸುಮ್ನೆ ತಣ್ಣನೆ ಗಾಳಿ ಊದುತ್ತಿರುತ್ತದೆ. ಕೆಲವರು ಆ ಸ್ವಿಚ್ಚಿಗೆ ಅಡ್ಡ ವೈರ್ ಕೊಟ್ಟು ಕೆಲಸ ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿ ಇಲ್ಲದೆ ಗ್ಯಾಸ್ ಉರಿದರೆ ಒಳಗೆ ಮಲಗಿದವರ ಜೀವಕ್ಕೇ ಅಪಾಯ. ನಾನು ಸ್ವಿಚ್ ಬಿಚ್ಚಿ ನೋಡಿದೆ. ಸ್ವಲ್ಪ ನಾಯಿ ಕೂದಲು ಇತ್ತು, ತೆಗೆದೆ. ಅಷ್ಟಕ್ಕೆ ಈ ತೊಂದರೆ ಬರುವ ಹಾಗಿರಲಿಲ್ಲ.

ಆಮೇಲೆ ಹೊಳೆಯಿತು. ಅವರು ಮಲಗುವ ಜಾಗದಲ್ಲಿ ಪ್ಲಗ್ ಎಲ್ಲಿದೆ?

ಪ್ಲಗ್ ಕಿತ್ತೆ. ಲೈಟು, ಫರ್ನೇಸ್ ಎಲ್ಲ ಬ್ಯಾಟರಿಯಲ್ಲೇ ಬಿಟ್ಟು ಬೇರೆ ಕೆಲಸ ನೋಡಿಕೊಂಡೆ. ರಾತ್ರಿ 8ರ ಹೊತ್ತಿಗೆ ಬ್ಲೋವರಿನ ಸದ್ದು ಕುಗ್ಗಿತು, ಗಾಳಿ ತಣ್ಣಗಾಯಿತು. ಆ ಕ್ಷಣಕ್ಕೇ ಮೀಟರ್ ಹಿಡಿದೆ. ಬ್ಯಾಟರಿಯ ಹತ್ತಿರ 12.1 ವೋಲ್ಟ್, ಫರ್ನೇಸಿನ ಹತ್ತಿರ 10.5. ನಡುವೆ 1.6 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಫರ್ನೇಸಿನ ನೆಗೆಟಿವ್ ವೈರಿಗೆ ಇಟ್ಟರೆ 1.4 ತೋರಿಸಿತು. ಅಂದರೆ ಹೆಚ್ಚಿನದು ನೆಗೆಟಿವ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಬ್ಲೋವರ್ ಓಡುತ್ತಿರುವಾಗಲೇ ಅಳೆಯಬೇಕು ಎನ್ನುವುದನ್ನು ಮರೆಯಬೇಡಿ. ನಿಂತಿದ್ದಾಗ ಅಳೆದರೆ ಕರೆಂಟ್ ಹರಿಯುವುದಿಲ್ಲ, ಎಲ್ಲ ಕಡೆ 12.1 ಎಂದೇ ತೋರಿಸಿ ದಾರಿ ತಪ್ಪಿಸುತ್ತದೆ.

ಅರಸೀಕೆರೆಯಲ್ಲಿ ಲಾರಿ ವೈರಿಂಗ್ ಕಲಿಯುವಾಗ ಹೆಡ್‌ಲೈಟ್ ಮಂಕಾದರೆ ಮೊದಲು ಅರ್ಥಿಂಗ್, ಅಂದರೆ ನೆಗೆಟಿವ್ ವೈರ್ ಗಾಡಿಯ ಕಬ್ಬಿಣಕ್ಕೆ ಸೇರುವ ಜಾಗ, ನೋಡುತ್ತಿದ್ದೆವು. ಇಲ್ಲೂ ಅದೇ. ಟ್ರೈಲರಿನ ಅಡಿಗೆ ಹೋಗಿ ಮಲಗಿ ಟಾರ್ಚ್ ಬಿಟ್ಟೆ. ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಬಿಗಿದ ನೆಗೆಟಿವ್ ಕೇಬಲಿನ ತುದಿಯ ಲೋಹದ ಬಳೆ, ಅಂದರೆ ಲಗ್, ಅದರ ಸುತ್ತ ಹಸಿರು ಬಿಳಿ ಪುಡಿ ಕಟ್ಟಿತ್ತು. ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು! ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಹಾಕುವ ಉಪ್ಪು ಸಿಡಿದು ತುಕ್ಕು ಹಿಡಿದಿತ್ತು. ತಂತಿ ಬ್ರಷ್ಷಿನಿಂದ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಹೊಸ ಲಗ್, ಹಲ್ಲಿನ ವಾಷರ್ ಹಾಕಿ ಬಿಗಿದೆ. 1.4 ಇದ್ದದ್ದು 0.1ಕ್ಕೆ ಬಂತು. ಬ್ಯಾಟರಿ ಚಾರ್ಜ್ ಮಾಡದೇ ಥರ್ಮೋಸ್ಟಾಟ್ ಹಾಕಿದೆ. ಟಿಕ್ ಟಿಕ್ ಟಿಕ್, ಬುಸ್ ಎಂದು ಹೊತ್ತಿಕೊಂಡಿತು.

ಶಾಪಿನಲ್ಲಿ ಯಾಕೆ ಸಿಗಲಿಲ್ಲ ಅಂದರೆ, ಪ್ಲಗ್ ಹಾಕಿದಾಗ ಕನ್ವರ್ಟರ್ (ಪ್ಲಗ್ಗಿನ ಕರೆಂಟನ್ನು ಬ್ಯಾಟರಿ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ) 13.6 ವೋಲ್ಟ್ ಕೊಡುತ್ತದೆ. ಅದರಲ್ಲಿ 1.6 ಕಳೆದರೂ 12 ಉಳಿಯುತ್ತದೆ. ಸಂಜೆ ತುಂಬಿದ ಬ್ಯಾಟರಿ 12.6 ಇದ್ದಾಗಲೂ ಹೇಗೋ ನಡೆಯುತ್ತಿತ್ತು, ಬೆಳಗಿನ ಜಾವಕ್ಕೆ ಸಾಲದಾಗುತ್ತಿತ್ತು.

ಅವರಿಗೆ ಇನ್ನೊಂದು ಬ್ಯಾಟರಿ ಹಾಕಿಸಿಕೊಳ್ಳಿ ಎಂದೂ ಹೇಳಿದೆ. ಬ್ಲೋವರ್ ಸುಮಾರು 8 ಆಂಪ್ ಎಳೆಯುತ್ತದೆ, 100 ಆಂಪ್-ಅವರ್ (ಆಂಪ್ ಗುಣಿಸು ಗಂಟೆ) ಲೆಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವುದು ಒಳ್ಳೆಯದು, ಅಂದರೆ ಬ್ಲೋವರ್ ಆರು ಗಂಟೆ ಓಡಿದರೆ ಅದು ಮುಗಿಯಿತು.

ಮೊದಲು ಬಿಚ್ಚಿದ್ದ ಹಳೆ ಬೋರ್ಡ್ ಒಂದನ್ನು ಅವರು ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಅದನ್ನೇ ಹಾಕಿ ನೋಡಿದೆ. ಫರ್ನೇಸ್ ಮೊದಲ ಸಲಕ್ಕೇ ಉರಿಯಿತು.