ಹಕ್ಕಲು, ಹರಾಜು, ಫಸಲಿ

ಪ್ರತಿ ವರ್ಷ ಸೆಪ್ಟೆಂಬರ್ ನಡುವಿಗೆ ಉಡುಪಿ ಕಡೆಯಿಂದ ಬೀದರಿನ ನಮ್ಮ ಮನೆಗೆ ಒಂದು ಲಕೋಟೆ ಬರುತ್ತದೆ. ಅದರೊಳಗೆ ಪತ್ರವಿರುವುದಿಲ್ಲ, ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಮಡಿಚಿಟ್ಟ ಹೊಸ ಭತ್ತದ ಒಂದು ತೆನೆ ಇರುತ್ತದೆ. ಅತ್ತೆಯವರು ಸೆಪ್ಟೆಂಬರ್ 8 ರಂದು, ಮರಿಯಮ್ಮನವರ ಜನ್ಮದಿನದ ಪೂಜೆಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆನೆಗಳಲ್ಲಿ ಒಂದನ್ನು ಹೊರಗಿರುವ ಮಗನ ಪಾಲೆಂದು ತೆಗೆದಿಟ್ಟು, ಮರುದಿನವೇ ಅಂಚೆಗೆ ಹಾಕುತ್ತಾರೆ. ಕರಾವಳಿಯ ಕ್ಯಾಥೋಲಿಕರ ಮನೆಗಳಲ್ಲಿ ಇದು ಮೊಂತಿ ಹಬ್ಬ, ತೆನೆ ಹಬ್ಬ. ದೂರದ ಊರಿನಲ್ಲಿರುವ ಮಕ್ಕಳಿಗೂ ಹೊಸ ಅಕ್ಕಿಯ ನಾಲ್ಕು ಕಾಳು ತಲುಪದಿದ್ದರೆ ಮನೆಮಂದಿಯೆಲ್ಲ ಉಂಡಂತಾಗುವುದಿಲ್ಲವೆಂಬುದು ಅಲ್ಲಿನವರ ಲೆಕ್ಕ. ಲಕೋಟೆ ಬಂದ ದಿನವೇ ನಮ್ಮ ಮನೆಯಲ್ಲಿ ಆ ಹಬ್ಬ, ಅದು ಯಾವ ವಾರವಾದರೂ ಸರಿ. ಒಂದು ವರ್ಷ ಲಕೋಟೆ ಹಾದಿಯಲ್ಲಿ ಎಲ್ಲಿ ಕೂತಿತ್ತೋ, ಕೈಗೆ ಸಿಕ್ಕಾಗ ತೆನೆಯಲ್ಲಿ ಉಳಿದಿದ್ದದ್ದು ಏಳೇ ಕಾಳು. ಮಗಳು ಅವನ್ನು ಉಗುರಿನಿಂದ ಸುಲಿದು ಎಣಿಸಿ ಹಾಲಿಗೆ ಹಾಕಿದಳು.

ಮದುವೆಯಾಗಿ ಬಂದ ಮೊದಲ ವರ್ಷ ನನ್ನ ಯಜಮಾನರು ಹಬ್ಬದ ಊಟದ ನಿಯಮವನ್ನು ಬಹಳ ಗಂಭೀರವಾಗಿ ವಿವರಿಸಿದ್ದರು: ಮೀನು, ಮಾಂಸ ಇರಕೂಡದು, ಬಾಳೆಯೆಲೆಯ ಮೇಲೆ ಬಡಿಸಬೇಕು, ಪಲ್ಯಗಳ ಸಂಖ್ಯೆ ಮೂರೋ ಐದೋ ಏಳೋ ಆಗಿ ಬೆಸವಾಗಿರಬೇಕು. ಅವರು ಕೇಳಿದ ಹರಿವೆ ಮತ್ತು ಕೆಸುವಿನ ದಂಟು ನಮ್ಮ ಸಂತೆಯಲ್ಲಿ ಸಿಗಲಿಲ್ಲ. ನಾನು ಪುಂಡಿ ಪಲ್ಯ, ಹೀರೇಕಾಯಿ, ಎಣಗಾಯಿ, ಅಳಸಂದಿ ಮತ್ತು ಆಗಷ್ಟೇ ತವರಿನಿಂದ ಬಂದಿದ್ದ ಹೊಸ ಹೆಸರುಕಾಳಿನ ಉಸುಳಿ ಮಾಡಿ ಐದರ ಲೆಕ್ಕ ಭರ್ತಿ ಮಾಡಿದೆ. ಜೊತೆಗೆ ಜೋಳದ ರೊಟ್ಟಿಯೂ ಇತ್ತು. ಹೊಸ ಅಕ್ಕಿಯ ಹಬ್ಬದಲ್ಲಿ ರೊಟ್ಟಿ ತಿಂದವರು ಕರಾವಳಿಯ ಅವರ ಬಳಗದಲ್ಲಿ ತಾವೊಬ್ಬರೇ ಇರಬೇಕೆಂದು ಅವರು ಈಗಲೂ ಹೇಳುತ್ತಾರೆ.

ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುವುದು ಅಲ್ಲಿಯ ಪದ್ಧತಿ. ನಾನು ಪ್ರೊಟೆಸ್ಟಂಟರ ಪಂಗಡವಾದ ಮೆಥಡಿಸ್ಟ್ ಮನೆತನದವಳು. ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಪ್ರತಿಮೆಯೂ ಇಲ್ಲ, ಅದಕ್ಕೆ ಹೂ ಹಾಕುವುದೂ ಇಲ್ಲ. ಮಗಳಿಗೆ ನಾಲ್ಕು ವರ್ಷವಾದಾಗ ಈ ಮಾತು ಎದ್ದಿತು. ತಕರಾರು ತೆಗೆಯುತ್ತಾಳೆಂದು ನಾನು ನಿರೀಕ್ಷಿಸಿದ್ದ ನನ್ನ ತಾಯಿಯೇ "ಕೂಸು ಹೂವು ಹಾಕಿದ್ರ ಯಾರಿಗೇನು ಕಡಿಮಿ ಆಗ್ತದ" ಎಂದು ಹೇಳಿ ಅದನ್ನು ಮುಗಿಸಿಬಿಟ್ಟಳು. ಅಂದಿನಿಂದ ಆಗಸ್ಟ್ ಕೊನೆಗೆ ಮಕ್ಕಳಿಬ್ಬರೂ ಕೆಂಪು ಮಣ್ಣಿನ ಬಯಲಿಗೆ ಹೋಗಿ ಹಳದಿ ತಂಗಡಿ ಹೂವನ್ನು ಕಿತ್ತು ತರುತ್ತಾರೆ. ಗಡಿಯಾಚೆ ತೆಲಂಗಾಣದಲ್ಲಿ ಕೆಲವೇ ವಾರಗಳ ನಂತರ ಬತುಕಮ್ಮ ಹಬ್ಬದ ಹೂಗೋಪುರ ಕಟ್ಟುವುದಕ್ಕೆ ಬಳಸುವುದೂ ಇದೇ ಹೂ.

ನನ್ನ ಕಡೆಯ ದೊಡ್ಡ ಹಬ್ಬ ಬರುವುದು ಅಕ್ಟೋಬರಿನಲ್ಲಿ. ಅದನ್ನು ಸುಗ್ಗಿ ಹಬ್ಬವೆನ್ನುತ್ತೇವೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಬೀದರ್ ಸೀಮೆಗೆ ಬಂದು ಶಾಲೆ, ಆಸ್ಪತ್ರೆ, ಸಭೆಗಳನ್ನು ಕಟ್ಟಿದರು. ಸುಗ್ಗಿಯ ವಿಶೇಷ ಆರಾಧನೆಯೆಂಬ ಪದ್ಧತಿ ಇಂದಿನ ರೂಪಕ್ಕೆ ಬಂದದ್ದು 1843 ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಎಂಬ ಹಳ್ಳಿಯಲ್ಲಿ, ರಾಬರ್ಟ್ ಸ್ಟೀಫನ್ ಹಾಕರ್ ಎಂಬ ಪಾದ್ರಿಯಿಂದ ಎನ್ನುತ್ತಾರೆ. ಆದರೆ ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ದೇವರ ಮುಂದೆ ತರಬೇಕೆಂಬ ಮಾತು ಧರ್ಮೋಪದೇಶಕಾಂಡದ 26 ನೆಯ ಅಧ್ಯಾಯದಲ್ಲೇ ಇದೆ, ಮತ್ತು ಬೆಳೆಯ ಮೊದಲ ಮುಷ್ಟಿಯನ್ನು ಯಾರಿಗಾದರೂ ಒಪ್ಪಿಸದೆ ತಾನು ತಿನ್ನಬಾರದೆಂಬುದು ಈ ನೆಲದ ಒಕ್ಕಲಿಗರಿಗೆ ಯಾರೂ ಬಂದು ಕಲಿಸಬೇಕಾದ ಸಂಗತಿಯಾಗಿರಲಿಲ್ಲ.

ಹಬ್ಬದ ತಾರೀಖು ಪಂಚಾಂಗದಲ್ಲಿ ಸಿಗುವುದಿಲ್ಲ. ನನ್ನ ತವರು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಜೂನಿನಲ್ಲಿ ಬಿತ್ತಿದ ಹೆಸರು ಆಗಸ್ಟ್ ಮುಗಿಯುವಷ್ಟರಲ್ಲಿ ಮನೆಗೆ ಬಂದಿರುತ್ತದೆ, ಅದರ ಬೆನ್ನಿಗೆ ಉದ್ದು, ದಸರೆಯ ಆಸುಪಾಸಿನಲ್ಲಿ ಸೋಯಾ. ತೊಗರಿ ಮಾತ್ರ ಆಗಿನ್ನೂ ಹೂ ಕಟ್ಟುತ್ತ ನಿಂತಿರುತ್ತದೆ. ಬಿಳಿಜೋಳ ಬಿತ್ತನೆಯ ಹಂತದಲ್ಲಿರುತ್ತದೆ. ಆದ್ದರಿಂದ ನಮ್ಮದು ಅರ್ಧ ಸುಗ್ಗಿಯ ಹಬ್ಬ. ಸೋಯಾ ರಾಶಿ ಯಾರ ಯಾರದು ಮುಗಿಯಿತು, ಮಳೆ ಇನ್ನೊಂದು ಸುತ್ತು ಬರುವ ಲಕ್ಷಣವಿದೆಯೇ ಎಂದು ಹಿರಿಯರನ್ನು ಕೇಳಿಕೊಂಡು ಸಭಾಪಾಲಕರು ಒಂದು ಭಾನುವಾರವನ್ನು ಗೊತ್ತುಮಾಡುತ್ತಾರೆ. ಒಮ್ಮೆ ಹಾಗೆ ಗೊತ್ತುಮಾಡಿದ ಮೇಲೆ ಮೂರು ದಿನ ಬಿಡದೆ ಮಳೆ ಹಿಡಿದು, ಕೊಯ್ದು ಹಾಕಿದ್ದ ಸೋಯಾ ಹೊಲದಲ್ಲೇ ಮೊಳಕೆಯೊಡೆಯಿತು. ಆ ವರ್ಷವೂ ಹಬ್ಬವನ್ನು ಮುಂದೂಡಲಿಲ್ಲ. ಒಬ್ಬರು ಆ ಮೊಳಕೆ ಬಂದ ಕಾಳನ್ನೇ ಒಂದು ಬಟ್ಟಲಿನಲ್ಲಿ ತಂದು ಕುಂಬಳಕಾಯಿ, ಬಾಳೆಗೊನೆಗಳ ನಡುವೆ ಇಟ್ಟು ಹೋದರು, ಮತ್ತು ಪ್ರಸಂಗ ಮಾಡಬೇಕಾಗಿದ್ದವರು ಅದನ್ನು ನೋಡಿದ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ದಸರಾ ರಜೆಗೆ ನಾನು ಮಕ್ಕಳನ್ನು ತವರಿಗೆ ಕರೆದೊಯ್ಯುವುದು ಹಕ್ಕಲಾಯುವುದಕ್ಕಾಗಿ, ಅಂದರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆ, ಕಾಯಿಗಳನ್ನು ಆಯುವುದಕ್ಕಾಗಿ. ಪೇಟೆಯಲ್ಲಿ ಬೆಳೆದವರಿಗೆ ಈ ಮಾತು ಈಗ ಬೈಬಲಿನಲ್ಲಿ ಮಾತ್ರ ಕಂಡೀತು: ಮೋವಾಬಿನ ರೂತಳು ಬೇತ್ಲೆಹೇಮಿನಲ್ಲಿ ಬೋವಜನ ಹೊಲದಲ್ಲಿ ಕೊಯ್ಯುವವರ ಹಿಂದೆ ಹಕ್ಕಲಾಯುತ್ತಾಳೆ. ಹೊಲದ ಮೂಲೆಗಳನ್ನು ಪೂರ್ತಿಯಾಗಿ ಕೊಯ್ಯಬೇಡಿರಿ, ಉದುರಿದ್ದನ್ನು ಬಡವನಿಗೂ ಪರದೇಶಿಗೂ ಬಿಡಿರಿ ಎಂದು ಯಾಜಕಕಾಂಡದಲ್ಲಿ ಎರಡು ಕಡೆ ಬರೆದಿದೆ. ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬಕ್ಕೆ ರೂತಳ ಕಥೆಯನ್ನೇ ಓದುತ್ತಾರೆ. ಅವಳು ಆಯ್ದದ್ದು ಜವೆಗೋದಿ ಮತ್ತು ಗೋದಿಯನ್ನು, ಆ ನಾಡಿನಲ್ಲಿ ಅವು ಕೊಯ್ಲಿಗೆ ಬರುವುದು ಪಸ್ಕದ ನಂತರ, ಅಂದರೆ ವಸಂತದಲ್ಲಿ. ಶರತ್ಕಾಲದ್ದು ಬೇಕಾದರೆ ಪರ್ಣಶಾಲೆಗಳ ಹಬ್ಬದ ಭಾಗವನ್ನು ಓದಬೇಕು. ಇದನ್ನು ನಾನೊಮ್ಮೆ ಸಭೆಯ ಹಿರಿಯರೊಬ್ಬರಿಗೆ ಹೇಳಿದೆ. ಹಕ್ಕಲಾಯಲು ಹೋದವರಿಗೆ ತಿಂಗಳು ಯಾವುದಾದರೇನು ಎಂದರು. ನನ್ನ ಅಜ್ಜಿಯೂ ಆ ಹಿರಿಯರ ತಾಯಿಯೂ ಬೇರೆಯವರ ಹೊಲಗಳಲ್ಲಿ ಹಕ್ಕಲಾಯ್ದು ಮಕ್ಕಳನ್ನು ಸಾಕಿದವರು. ನಾನು ಸುಮ್ಮನಾದೆ.

ಈಗ ಹಕ್ಕಲಿನ ಸ್ವರೂಪವೂ ಬದಲಾಗಿದೆ. ಕೈಯಿಂದ ಕೊಯ್ಯುತ್ತಿದ್ದಾಗ ಅಲ್ಲೊಂದು ಇಲ್ಲೊಂದು ಕಾಯಿ ಉಳಿಯುತ್ತಿತ್ತು. ಕೊಯ್ಯುವ ಯಂತ್ರ ಬಂದ ಹೊಲದಲ್ಲಿ ನೆಲಕ್ಕೆ ಹತ್ತಿರವಿದ್ದ ಕಾಯಿಗಳೆಲ್ಲ ಮೋಟಿನಲ್ಲೇ ಉಳಿಯುತ್ತವೆ. ಬಿಸಿಲೇರುವ ಮೊದಲೇ, ಇಬ್ಬನಿಯಿಂದ ಕಾಯಿ ಮೆತ್ತಗಿರುವಾಗ ಆಯಬೇಕು. ಹತ್ತು ಗಂಟೆಯ ಬಿಸಿಲಿಗೆ ಮುಟ್ಟಿದರೆ ಸಾಕು, ಸಿಪ್ಪೆ ಚಟ್ಟೆಂದು ತಿರುಚಿಕೊಂಡು ಕಾಳು ಮಣ್ಣಿನ ಬಿರುಕಿಗೆ ಹಾರಿಬಿಡುತ್ತದೆ. ನನ್ನ ತಾಯಿ ಸೊಂಟಕ್ಕೆ ಉಡಿ ಕಟ್ಟಿಕೊಂಡು ಒಂದೇ ಸಾಲು ಹಿಡಿದು ಹೋಗುತ್ತಾಳೆ. ಏಳು ವರ್ಷದ ಮಗ ಸಾಲು ಬಿಟ್ಟು ಸಾಲಿಗೆ ಜಿಗಿಯುತ್ತ, ಆಯ್ದದ್ದಕ್ಕಿಂತ ಹೆಚ್ಚು ತುಳಿಯುತ್ತಾನೆ. ಕಳೆದ ಬಾರಿ ಇಬ್ಬರೂ ಮಕ್ಕಳು ಸೇರಿ ನಾಲ್ಕು ಬೆಳಗಿನಲ್ಲಿ ಮೂರು ಕಿಲೋ ಕಾಳು ಮಾಡಿದರು. ಸೋಯಾದ 2024-25 ರ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ ಎಂದು ಗೊತ್ತುಮಾಡಿಕೊಂಡು ಮಗಳು ತಮ್ಮ ಚೀಲಕ್ಕೆ 147 ರೂಪಾಯಿಯಾಗುತ್ತದೆಂದು ಲೆಕ್ಕ ಹಾಕಿದಳು. ನಾಲ್ಕು ದಿನ, ಇಬ್ಬರು, 147 ರೂಪಾಯಿ. ಆ ಲೆಕ್ಕವನ್ನು ಅವಳು ಮೂರು ಸಲ ತಾಳೆ ನೋಡಿದಳು.

ಆ ಚೀಲ ಹರಾಜಿನಲ್ಲಿ 600 ರೂಪಾಯಿಗೆ ಹೋಯಿತು. ಆರಾಧನೆ ಮುಗಿದ ಮೇಲೆ ಅಂಗಳದ ಬೇವಿನ ಮರದಡಿ ನಡೆಯುವ ಹರಾಜೇ ಮಕ್ಕಳ ಪಾಲಿಗೆ ನಿಜವಾದ ಹಬ್ಬ. ವೇದಿಯ ಮುಂದೆ ತಂದಿಟ್ಟದ್ದೆಲ್ಲ, ಸೀತಾಫಲದ ಬುಟ್ಟಿ, ಸೋರೆಕಾಯಿ, ಮೊಟ್ಟೆ, ತೆಂಗಿನಕಾಯಿ, ಯಾರೋ ಮಾಡಿದ ಶೇಂಗಾ ಹೋಳಿಗೆ, ಒಂದೊಂದಾಗಿ ಮೇಲೆತ್ತಿ ಕೂಗಲಾಗುತ್ತದೆ. ಬೆಳಗ್ಗೆ ಅಚ್ಚ ಕನ್ನಡದಲ್ಲಿ ಪ್ರಾರ್ಥನೆ ಮಾಡಿದವರೇ ಇಲ್ಲಿ "ಏಕ್ ಬಾರ್, ದೋ ಬಾರ್" ಎಂದು ಹೈದರಾಬಾದಿ ಧಾಟಿಗೆ ತಿರುಗುತ್ತಾರೆ. ಬೀದರಿನವರಿಗೆ ವ್ಯವಹಾರದ ಭಾಷೆ ಇನ್ನೂ ಅದೇ. ಸಂತೆಯಲ್ಲಿ 40 ರೂಪಾಯಿಯ ಕುಂಬಳಕಾಯಿ ಇಲ್ಲಿ 500 ಮುಟ್ಟುವುದೂ, ಕೊಂಡವರು ಅದನ್ನು ಸಭೆಗೇ ಮರಳಿ ಕೊಟ್ಟು ಮತ್ತೊಮ್ಮೆ ಕೂಗಿಸುವುದೂ ವಾಡಿಕೆ.

ಮಗಳು ಎಂಟು ವರ್ಷದವಳಿದ್ದಾಗ ನಡೆದದ್ದನ್ನು ಇಲ್ಲಿ ಬರೆಯಲೇಬೇಕು. ಏನು ಕೊಡುತ್ತೀ ಎಂದು ತಾತ ಕೇಳಿದಾಗ ಅವಳು ಉತ್ಸಾಹದಲ್ಲಿ ತಾನು ಮರಿಯಿಂದ ಸಾಕಿದ ಬೂದು ಬಣ್ಣದ ಕೋಳಿಯ ಹೆಸರು ಹೇಳಿಬಿಟ್ಟಿದ್ದಳು. ಹರಾಜು ಎಂದರೆ ಬೇರೆಯವರ ಮನೆಗೆ ಹೋಗುವುದು, ಆ ಮನೆಯಲ್ಲಿ ಅಂದು ಸಂಜೆಯೇ ಸಾರು ಕುದಿಯಬಹುದು ಎಂಬುದು ಅವಳಿಗೆ ಹೊಳೆದದ್ದು ಕೋಳಿಯ ಕಾಲಿಗೆ ಹಗ್ಗ ಕಟ್ಟಿ ಎತ್ತಿ ಹಿಡಿದಾಗ. ಅವಳು ಅಳಲಿಲ್ಲ, ಕೈ ಎತ್ತಿದಳು. "ಐವತ್ತು." ಪಕ್ಕದವರು ನಗುತ್ತ ನೂರೆಂದರು. ಅವಳು ನೂರೈವತ್ತೆಂದಳು, ಅವಳ ಹತ್ತಿರ ಇದ್ದದ್ದು ಇಪ್ಪತ್ತು ರೂಪಾಯಿ. ಹಿಂದೆ ನಿಂತಿದ್ದ ನನ್ನ ತಂದೆಗೆ ಕಿವಿ ಸ್ವಲ್ಪ ಮಂದ, ಮೊಮ್ಮಗಳೇ ಕೂಗುತ್ತಿದ್ದಾಳೆಂದು ತಿಳಿಯದೆ ಅವಳಿಗಾಗಿ ಕೋಳಿಯನ್ನು ಉಳಿಸಲು ಅವಳ ಮೇಲೆಯೇ ಕೂಗತೊಡಗಿದರು. ಇಬ್ಬರೂ ಸೇರಿ 900 ರವರೆಗೆ ಏರಿಸಿದ ಮೇಲೆ ಯಾರೋ ಅವರ ತೋಳು ಹಿಡಿದು ತಿರುಗಿಸಿ ತೋರಿಸಿದರು. ಹಣ ತಂದೆಯವರು ಕೊಟ್ಟರು. ಕೋಳಿ ಇನ್ನೂ ಎರಡು ವರ್ಷ ಬದುಕಿತ್ತು ಮತ್ತು ಆ ಎರಡೂ ಸುಗ್ಗಿ ಹಬ್ಬಗಳಿಗೆ ಮಗಳು ಸೋರೆಕಾಯಿ ಕೊಟ್ಟಳು.

ಅಕ್ಟೋಬರ್ ಕೊನೆಗೆ ಒಂದು ಸಣ್ಣ ಗಲಾಟೆ ಇತ್ತೀಚೆಗೆ ಸೇರಿಕೊಂಡಿದೆ. ಮಗನ ಶಾಲೆಯಿಂದ 31 ಕ್ಕೆ ಕಪ್ಪು ಬಟ್ಟೆ ತೊಟ್ಟು, ಕುಂಬಳಕಾಯಿಯ ಮುಖವಾಡ ಮಾಡಿಕೊಂಡು ಬರಬೇಕೆಂದು ಸಂದೇಶ ಬಂತು. ಹ್ಯಾಲೋವೀನ್ ಎಂದರೆ ಸಕಲ ಸಂತರ ಹಬ್ಬದ ಮುನ್ನಾದಿನದ ಸಂಜೆ ಎಂದಷ್ಟೇ ಅರ್ಥ, ನವೆಂಬರ್ 1 ಇಲ್ಲದಿದ್ದರೆ ಅದೂ ಇಲ್ಲ ಎಂದು ಅವನಿಗೆ ಅವರಪ್ಪ ಹೇಳಿದರು. 1517 ರಲ್ಲಿ ಅದೇ ದಿನ ಮಾರ್ಟಿನ್ ಲೂಥರ್ ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿಯಾದ ತನ್ನ 95 ವಾದಗಳನ್ನು ಹೊರಡಿಸಿದನೆಂದು ನಾನು ನನ್ನ ಕಡೆಯ ಪಾಲನ್ನು ಸೇರಿಸಿದೆ. ಮಗನಿಗೆ ಎರಡೂ ಬೇಕಿರಲಿಲ್ಲ. ಐರ್ಲೆಂಡಿನವರು ಮೊದಲು ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು, ಅಮೆರಿಕಕ್ಕೆ ಹೋದ ಮೇಲೆ ಕುಂಬಳಕ್ಕೆ ಬದಲಾಯಿಸಿದರು ಎಂಬುದು ಮಾತ್ರ ಅವನಿಗೆ ಹಿಡಿಸಿತು. ಮರುದಿನ ಶಾಲೆಯ ಹಾದಿಯಲ್ಲಿ, ಅರ್ಧ ಕಟ್ಟಿದ ಮನೆಯೊಂದರ ಮುಂದೆ ದೃಷ್ಟಿಗೆಂದು ತೂಗುಹಾಕಿದ್ದ, ಕೋರೆಹಲ್ಲು ಬಿಡಿಸಿದ ಬೂದುಗುಂಬಳವನ್ನು ತೋರಿಸಿ, ಇವರು ನಮಗಿಂತ ಮೊದಲೇ ಶುರುಮಾಡಿದ್ದಾರೆ ಎಂದನು. ನಾನು ಮುಖವಾಡ ಮಾಡಿಕೊಟ್ಟೆ. ಅದರಲ್ಲಿ ಜಗಳವಾಡುವಂಥದ್ದು ನನಗೇನೂ ಕಾಣಲಿಲ್ಲ.

ನಮ್ಮ ಮನೆಯ ಶರತ್ಕಾಲ ಮುಗಿಯುವುದು ನವೆಂಬರ್ 2 ರ ಸಮಾಧಿ ಭೂಮಿಯಲ್ಲಿ. ಸತ್ತವರ ಸ್ಮರಣೆಗೆ ಈ ದಿನವನ್ನು ಮೀಸಲಿಟ್ಟವನು ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥನಾಗಿದ್ದ ಒಡಿಲೋ. ಅದಾಗಿ ಸಾವಿರ ವರ್ಷ ಕಳೆದಿದೆ. ಯಜಮಾನರ ಸಭೆಗೆ ಇದು ನಿಯಮದ ದಿನ, ನಮ್ಮವರಿಗೆ ಅಷ್ಟೇನೂ ಅಲ್ಲ. ಆದರೆ ಮಳೆಗಾಲದ ಹುಲ್ಲು ಮೊಣಕಾಲುದ್ದ ಬೆಳೆದಿರುವಾಗ ಕುಡುಗೋಲು ಹಿಡಿದು ಯಾರಾದರೂ ಹೋಗಲೇಬೇಕು. ನಾವು ಕುಡುಗೋಲು, ಸುಣ್ಣದ ಬಕೀಟು, ಚೆಂಡು ಹೂವು, ಮೇಣದಬತ್ತಿ ತೆಗೆದುಕೊಂಡು ತವರಿಗೆ ಹೋಗುತ್ತೇವೆ. ಕೆಂಪು ಜಂಬಿಟ್ಟಿಗೆಯ ಗೋರಿಗಳು ಸುಣ್ಣವನ್ನು ಎಷ್ಟು ಬಳಿದರೂ ಕುಡಿಯುತ್ತವೆ.

ಅಲ್ಲಿ ನನ್ನ ಮುತ್ತಜ್ಜನ ತಲೆಗಲ್ಲಿನ ಮೇಲಿನ ಬರಹ ಉರ್ದುವಿನಲ್ಲಿದೆ. ನಿಜಾಮರ ಕಾಲದಲ್ಲಿ ಶಾಲೆ ಕಲಿತು ಶಾಲೆಯಲ್ಲೇ ಕಲಿಸುತ್ತಿದ್ದವರಿಗೆ ಅದೇ ಓದುಬರಹದ ಭಾಷೆಯಾಗಿತ್ತು. ನಮ್ಮಲ್ಲಿ ಅದನ್ನು ಓದಬಲ್ಲವರು ತೀರಿಹೋಗಿ ಬಹಳ ವರ್ಷಗಳಾದವು. ಹೋದ ಸಲ ರಜೆಗೆಂದು ನಮ್ಮ ಜೊತೆ ಬಂದಿದ್ದ ಪಕ್ಕದ ಮನೆಯ ಹುಡುಗ, ಮಗಳ ಸಹಪಾಠಿ, ಮನೆಯಲ್ಲಿ ಉರ್ದು ಕಲಿಯುತ್ತಾನೆ. ಮಗಳು ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿದಳು, ಅವನು ಬಗ್ಗಿ ಬೆರಳಿಟ್ಟು ಅಕ್ಷರ ಕೂಡಿಸುತ್ತ ಓದಿದ: ಹೆಸರು, ನಂತರ "ವಫಾತ್", ಅಂದರೆ ಮರಣ, ನಂತರ "ಆಜೂರ್ 1355 ಫಸಲಿ". 1355 ಎಂದರೆ ಏಳುನೂರು ವರ್ಷದ ಹಿಂದಿನದೇ ಎಂದು ಮಗ ಬೆರಗಾದ.

"ಫಸಲಿ ಅಂದ್ರ ಫಸಲಿನ ಲೆಕ್ಕ, ಪೀಕಿನ ವರ್ಷ. ನಮ್ಮ ಹಳೇ ಪಹಣಿಯೊಳಗ ಎಲ್ಲಾ ಹಂಗೇ ಬರೀತಿದ್ರು. ಐನೂರ ತೊಂಬತ್ತು ಕೂಡಿಸು" ಎಂದರು ತಂದೆ.

ಮಗಳು ಸುಣ್ಣ ಹತ್ತಿದ ಬೆರಳಿನಿಂದ ಮಣ್ಣಿನಲ್ಲಿ ಕೂಡಿಸಿ 1945 ಎಂದು ಬರೆದಳು. ಆಜೂರ್ ಯಾವ ತಿಂಗಳು ಎಂದು ಹುಡುಗ ಕೇಳಿದ್ದಕ್ಕೆ ತಂದೆಯವರು, ನಿಜಾಮರ ಫಸಲಿಯಲ್ಲಿ ಅದೇ ವರ್ಷದ ಮೊದಲ ತಿಂಗಳು, ಅಕ್ಟೋಬರ್ ಮೊದಲ ವಾರಕ್ಕೆ ಹಿಡಿಯುತ್ತದೆ ಎಂದರು. ಇಷ್ಟು ವರ್ಷ ಮುತ್ತಜ್ಜ ತೀರಿಹೋದದ್ದು ಬೇಸಿಗೆಯಲ್ಲಿ ಎಂದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದೆವು. ನನ್ನ ತಾಯಿ ಕುಡುಗೋಲನ್ನು ಬದಿಗಿಟ್ಟು, "ಹಂಗಾದ್ರ ಸುಗ್ಗಿ ಹಬ್ಬದ ಹೊತ್ತಿಗೇ ಹ್ವಾದ್ರು" ಎಂದಳು. ಗಾಳಿಗೆ ಎರಡು ಸಲ ಆರಿದ ಮೇಣದಬತ್ತಿಯನ್ನು ಮಗ ಸುಣ್ಣದ ಖಾಲಿ ಬಕೀಟಿನ ಮರೆಯಲ್ಲಿ ಮೂರನೆಯ ಸಲ ಹಚ್ಚುತ್ತಿದ್ದ.