ಅದು ಸಿಡಿದರೆ ಏನು ಮಾಡ್ತೀಯಾ?

ಊರಿಗೆ ಫೋನ್ ಮಾಡಿದಾಗಲೆಲ್ಲ ನಮ್ಮ ಚಿಗವ್ವ ಕೇಳುವ ಪ್ರಶ್ನೆ ಒಂದೇ. "ಅಲ್ಲೋ ತಮ್ಮಾ, ಬೆಂಕಿ ಉಗುಳೋ ಗುಡ್ಡದ ಮ್ಯಾಲ ಸೈಕಲ್ ಹೊಡಿತೀಯಂತಲ್ಲ, ಅದು ಸಿಡದ್ರ ಏನ್ ಮಾಡ್ತಿ?" ಬೆಂಗಳೂರಿನ ಗೆಳೆಯರು ಕೇಳೋದೂ ಇದನ್ನೇ, ಸ್ವಲ್ಪ ನಾಜೂಕಾಗಿ ಕೇಳ್ತಾರೆ ಅಷ್ಟೆ. ಒಬ್ಬ ಅಂತೂ ಇನ್ಶೂರೆನ್ಸ್ ಮಾಡಿಸಿದ್ದೀಯಾ ಅಂದ. ಪ್ರತಿ ಸಲ ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಒಮ್ಮೆ ಬರೆದುಬಿಡ್ತೀನಿ.

ನಾನಿರೋದು ಫ್ರಾನ್ಸಿನ ನಡುಭಾಗದ ಓವೆರ್ನ್ ಸೀಮೆಯಲ್ಲಿ, ಕ್ಲೆರ್ಮೋಂ-ಫೆರಾಂ ಅನ್ನೋ ಊರಲ್ಲಿ. ಮಿಶಲಿನ್ ಟೈರಿನ ಊರು. ಮನೆ ಕಿಟಕಿ ತೆಗೆದರೆ ಪಶ್ಚಿಮಕ್ಕೆ ಗುಡ್ಡಗಳ ಸಾಲು ಕಾಣುತ್ತೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಜ್ವಾಲಾಮುಖಿಗಳು, ಪಂಕ್ತಿ ಊಟಕ್ಕೆ ಕೂತ ಹಾಗೆ ಒಂದರ ಪಕ್ಕ ಒಂದು. ಕೆಲವು ದುಂಡಗೆ ಹುಲ್ಲು ಹೊದ್ದಿವೆ, ಕೆಲವಕ್ಕೆ ತಲೆ ಮೇಲೆ ಬಟ್ಟಲಿನಂಥ ಗುಳಿ. 2018ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಸೀಮೆಯಲ್ಲಿ ಕೊನೆಗೆ ಸಿಡಿದ ಜಾಗ ದಕ್ಷಿಣಕ್ಕಿರುವ ಪಾವಾಂ. ಅದೂ ಹೆಚ್ಚುಕಡಿಮೆ 7000 ವರ್ಷದ ಹಿಂದೆ. ಈಗ ಅಲ್ಲಿ ದುಂಡನೆಯ ಕೆರೆ ಇದೆ, 92 ಮೀಟರ್ ಆಳ. ದಂಡೆಯಲ್ಲಿ ಜನ ಮಕ್ಕಳನ್ನು ಕಟ್ಟಿಕೊಂಡು ಸುತ್ತು ಹಾಕ್ತಾರೆ.

ಹಾಗಾಗಿ ಚಿಗವ್ವ, ನಾನು ಮೇಲೆ ಹತ್ತಿದ ಹೊತ್ತಿಗೇ ಸಿಡೀಲಿಕ್ಕೆ ಅದಕ್ಕೇನೂ ನನ್ನ ಮೇಲೆ ಹಗೆ ಇಲ್ಲ.

ಇನ್ನೊಂದು ಮಾತು. ನಾನು ವಿಜಯಪುರದವನು. ನೀವು ಕೂತು ಫೋನ್ ಮಾಡ್ತಿರೋ ಆ ಮನೆಯ ಕೆಳಗಿರೋದೂ ಲಾವಾನೇ! ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನಲ್ಲಿ ನೆಲ ಬಿರಿದು ಹರಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಕರಿಕಲ್ಲಾಯ್ತು, ಆ ಕಲ್ಲು ಸವೆದು ಸವೆದು ಎರೆಮಣ್ಣಾಯ್ತು, ಆ ಎರೆಯಲ್ಲಿ ಜೋಳ ಬೆಳೆದು ನಾವು ರೊಟ್ಟಿ ತಿಂದ್ವಿ. ಬಾರಾಕಮಾನಿನ ಕಪ್ಪು ಕಮಾನುಗಳೂ ಅದೇ ಕಲ್ಲು. ಇಲ್ಲಿನ ದೊಡ್ಡ ಚರ್ಚನ್ನೂ ವೋಲ್ವಿಕ್ ಊರಿನ ಲಾವಾಕಲ್ಲಲ್ಲೇ ಕಟ್ಟಿದ್ದಾರೆ, ಇದ್ದಿಲು ಬಳಿದ ಹಾಗೆ ಕಪ್ಪಗಿದೆ. ಮೊದಲ ದಿನ ಅದನ್ನು ನೋಡಿ ನನಗೆ ಊರು ನೆನಪಾಯ್ತು ಅಂದರೆ ಇಲ್ಲಿಯವರು ನಂಬಲಿಲ್ಲ.

ಸೈಕಲ್ ಹುಚ್ಚೂ ಊರಿಂದಲೇ ಬಂದದ್ದು. ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ವಿಜಯಪುರ, ಬಾಗಲಕೋಟೆ ಹುಡುಗರು ತಾನೇ. ಆದರೆ ನಮ್ಮದು ಸಪಾಟು ನೆಲ. ಅಲ್ಲಿ ನಮಗೆ ಇದ್ದ ಶತ್ರು ಎರಡೇ, ಎದುರುಗಾಳಿ ಮತ್ತು ಎರೆಮಣ್ಣು. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿದರೆ ಹತ್ತು ಗಜ ಹೋಗೋದರೊಳಗೆ ಮಡ್‌ಗಾರ್ಡಿನೊಳಗೆ ಮಣ್ಣು ಗಟ್ಟಿಯಾಗಿ ಚಕ್ರ ತಿರುಗೋದೇ ನಿಲ್ಲುತ್ತೆ. ಆಮೇಲೆ ಕಡ್ಡಿ ಹುಡುಕಿ ಕೆರೆಯಬೇಕು, ಇಲ್ಲ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಏರು ಅಂದರೆ ರೈಲ್ವೆ ಬ್ರಿಜ್ಜು. ಅಷ್ಟೇ ಗೊತ್ತಿದ್ದದ್ದು.

ಇಲ್ಲಿಗೆ ಬಂದಾಗ ಏರು ಅಂದರೇನು ಅಂತ ಗೊತ್ತಾಯ್ತು. ನಿಜವಾದ ಉತ್ತರ ಇರೋದು ಇಲ್ಲಿ. ಜ್ವಾಲಾಮುಖಿ ಸತ್ತಿರಬಹುದು, ಆದರೆ ಅದು ಬಿಟ್ಟುಹೋದ ಆಕಾರ ಸತ್ತಿಲ್ಲ. ಅದು ನೇರ ಮೊಣಕಾಲಿಗೆ ಬರುತ್ತೆ.

ಕಾಂತಾಲ್ ಅನ್ನೋ ಜಾಗ ತಗೊಳ್ಳಿ, ಕ್ಲೆರ್ಮೋಂನಿಂದ ದಕ್ಷಿಣಕ್ಕೆ ಕಾರಲ್ಲಿ ಎರಡು ಗಂಟೆ ದಾರಿ. ಅಲ್ಲಿ ಇರೋದು ಬಿಡಿ ಗುಡ್ಡಗಳಲ್ಲ. ಇಡೀ ಸೀಮೆಯೇ ಒಂದು ಹಳೆಯ ಜ್ವಾಲಾಮುಖಿ, ಅಡ್ಡಗಲ ಸುಮಾರು 70 ಕಿಲೋಮೀಟರ್. ಲಕ್ಷಾಂತರ ವರ್ಷ ಸಿಡಿದು ಬೆಳೆದದ್ದನ್ನು ಆಮೇಲೆ ಹಿಮನದಿಗಳು ಕೆರೆದು ಹಾಕಿದವು. ಆದ್ದರಿಂದ ನಡುವಿನ ಶಿಖರಗಳಿಂದ ಕಣಿವೆಗಳು ಸುತ್ತಲೂ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹೊರಟಿವೆ. ರಸ್ತೆ ಕಣಿವೆಯ ತಳ ಹಿಡಿದು ಹೋಗುತ್ತೆ. ಏರು ಇದೆಯಾ ಅಂತ ಅನುಮಾನ ಬರೋವಷ್ಟು ಮೆತ್ತಗೆ. ಪಕ್ಕದಲ್ಲಿ ಹೊಳೆ, ಕೆಂಪು-ಕಂದು ಬಣ್ಣದ ಸಾಲೆರ್ ದನಗಳು, ಅವುಗಳ ಕೊರಳ ಗಂಟೆ. ನೀವು ಹಾಡು ಗುನುಗುತ್ತಾ ಹೋಗ್ತೀರಿ. ಕಣಿವೆ ಮುಗಿದ ಕಡೆ ಎದುರಿಗೆ ಗೋಡೆ.

ಪಾ ದ ಪೆರೋಲ್ ಘಾಟು ಅಂಥದ್ದು. 1589 ಮೀಟರ್, ಈ ಮಧ್ಯ ಫ್ರಾನ್ಸಿನ ಬೆಟ್ಟಸಾಲಲ್ಲಿ ಡಾಂಬರು ರಸ್ತೆ ದಾಟುವ ಅತಿ ಎತ್ತರದ ಕಣಿವೆಬಾಯಿ. ಫಾಲ್ಗೂ ಕಡೆಯಿಂದ ಹತ್ತಿದರೆ ಕೊನೆಯ ಎರಡು ಕಿಲೋಮೀಟರು ನೂರಕ್ಕೆ 11-12ರ ಏರು. ನೂರು ಮೀಟರ್ ಮುಂದೆ ಹೋದರೆ ನಾಲ್ಕು ಅಂತಸ್ತಿನ ಮನೆ ಹತ್ತಿದ ಲೆಕ್ಕ. ಅದೂ ಕಾಲು ಆಗಲೇ ಅರ್ಧ ಸೋತ ಮೇಲೆ. ಮೊದಲ ಸಲ ಅಲ್ಲಿ ನನ್ನ ವೇಗ ಗಂಟೆಗೆ ಆರು ಕಿಲೋಮೀಟರು. ಒಂದು ನೊಣ ನನ್ನ ಜೊತೆಗೇ ಬರ್ತಿತ್ತು, ಮೂಗಿನ ಮುಂದೆ, ಆರಾಮಾಗಿ. ಓಡಿಸೋಣ ಅಂದರೆ ಹ್ಯಾಂಡಲ್ಲಿನಿಂದ ಕೈ ತೆಗೆಯೋ ಹಾಗಿಲ್ಲ, ತೆಗೆದರೆ ಬೀಳ್ತೀನಿ. ಇದೇ ಏರಲ್ಲಿ 2024ರ ದೊಡ್ಡ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನಲ್ಲಿ ಸ್ಲೊವೇನಿಯಾದ ಪೊಗಾಚಾರ್ ಎಲ್ಲರನ್ನೂ ಬಿಟ್ಟು ಹಾರಿಹೋದ, ಆದರೆ ಡೆನ್ಮಾರ್ಕಿನ ವಿಂಗೆಗೋ ಬಿಡದೆ ಬೆನ್ನಟ್ಟಿ ಹಿಡಿದು ಕೊನೆಗೆ ಆ ದಿನದ ಓಟ ಗೆದ್ದೇಬಿಟ್ಟ. ನನ್ನನ್ನು ಬೆನ್ನಟ್ಟಿದ್ದು ನೊಣ ಮಾತ್ರ.

ಎರಡನೇ ಕಷ್ಟ ಕೆಂಪು ಹರಳು. ಯಾರೂ ಇದರ ಬಗ್ಗೆ ಕೇಳಲ್ಲ, ಆದರೆ ನನಗೆ ನಿಜವಾಗಿ ಭಯ ಇರೋದು ಇದರದ್ದೇ. ಚಳಿಗಾಲದಲ್ಲಿ ಹಿಮ ಬಿದ್ದ ರಸ್ತೆ ಜಾರಬಾರದು ಅಂತ ಇಲ್ಲಿ ಪೂಝೊಲಾನ್ ಅನ್ನೋ ಕಲ್ಲುಪುಡಿ ಉದುರಿಸ್ತಾರೆ. ಅದೂ ಜ್ವಾಲಾಮುಖಿಯದ್ದೇ ಕಸ, ಗಾಳಿ ಗುಳ್ಳೆ ತುಂಬಿಕೊಂಡೇ ಆರಿಹೋದ ಲಾವಾ. ಕಾರಿಗೆ ಒಳ್ಳೇದು. ಆದರೆ ಹಿಮ ಕರಗಿದ ಮೇಲೂ ಅದು ತಿರುವುಗಳ ಅಂಚಿನಲ್ಲಿ ರಾಶಿಯಾಗಿ ಉಳಿಯುತ್ತೆ. ಒಂದು ಏಪ್ರಿಲ್‌ನಲ್ಲಿ ಕ್ರುವಾ ಮೊರಾಂ ಘಾಟಿನಿಂದ ಇಳೀತಿದ್ದೆ. ಬಿಸಿಲು, ಒಣ ರಸ್ತೆ, ಖುಷಿ ಜಾಸ್ತಿ. ಎಡ ತಿರುವಲ್ಲಿ ಮುಂದಿನ ಟೈರು ಆ ಹರಳಿನ ಮೇಲೆ ಹೋಯ್ತು, ರಾಗಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ ಸರ್ರಂತ ಜಾರಿತು. ಮೂಳೆ ಮುರೀಲಿಲ್ಲ. ಮೊಣಕೈ ಚರ್ಮ ಅಲ್ಲೇ ಬಿಟ್ಟುಬಂದೆ. ಮನೆಗೆ ಬಂದು ಚಿಮಟದಲ್ಲಿ ಒಂದೊಂದೇ ಹರಳು ಕೀಳುವಾಗ ನೋಡಿದೆ, ಒಂದೊಂದರಲ್ಲೂ ಸೂಜಿಮೊನೆಯಷ್ಟು ತೂತುಗಳು. ಬಚ್ಚಲಲ್ಲಿ ಹಿಮ್ಮಡಿ ಉಜ್ಜುವ ಕಲ್ಲಿರುತ್ತಲ್ಲ, ಥೇಟ್ ಅದೇ, ಇಟ್ಟಿಗೆ ಬಣ್ಣದ್ದು. ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೀನಿ.

ಇನ್ನು ನೀರು. ವೋಲ್ವಿಕ್ ನೀರಿನ ಬಾಟಲಿ ಪ್ರಪಂಚದ ಎಷ್ಟೋ ಅಂಗಡಿಗಳಲ್ಲಿ ಸಿಗುತ್ತೆ, ಆದರೆ ಅದೇ ಸೀಮೆಯಲ್ಲಿ ಭಾನುವಾರ ಮಧ್ಯಾಹ್ನ ಸೈಕಲ್ ಹೊಡೆದರೆ ಒಂದು ಅಂಗಡಿಯೂ ತೆರೆದಿರಲ್ಲ. ಎರಡು ಬಾಟಲಿ ಖಾಲಿ, ನಾಲಿಗೆ ಒಣಗಿದೆ. ನನ್ನ ಜೊತೆ ಬಂದಿದ್ದ ಎಪ್ಪತ್ತರ ಅಜ್ಜ ಒಂದು ಹಳ್ಳಿಯಲ್ಲಿ ಸೀದಾ ಸ್ಮಶಾನದ ಗೇಟಿಗೆ ಸೈಕಲ್ ಒರಗಿಸಿದರು. ನಾನು ಪಾಪ ಹೆಂಡತಿಯ ಸಮಾಧಿ ಇರಬೇಕು ಅಂದುಕೊಂಡು ಹೊರಗೇ ನಿಂತೆ. ಅವರು ಒಳಗೆ ಹೋಗಿ ನಲ್ಲಿ ತಿರುಗಿಸಿ ಬಾಟಲಿ ತುಂಬಿಸಿಕೊಂಡು, ಅಲ್ಲೇ ಗಟಗಟ ಕುಡಿದು, ಬಾ ಅಂತ ಕೈ ಮಾಡಿದರು! ಸಮಾಧಿಗಳ ಮೇಲಿನ ಹೂಗಿಡಗಳಿಗೆ ಅಂತ ಇಲ್ಲಿ ಹೆಚ್ಚಿನ ಸ್ಮಶಾನಗಳಲ್ಲಿ ನಲ್ಲಿ ಇರುತ್ತೆ, ಸೈಕಲ್ಲಿನವರಿಗೆಲ್ಲ ಇದು ಗೊತ್ತು. ನಲ್ಲಿ ಮೇಲೆ ಕುಡಿಯಲು ಯೋಗ್ಯವಲ್ಲ ಅನ್ನೋ ಬೋರ್ಡ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಬೇಕು. ನಮ್ಮಲ್ಲಿ ಸ್ಮಶಾನಕ್ಕೆ ಹೋಗಿಬಂದರೆ ತಲೆ ಮೇಲೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟಿಸಲ್ಲ. ನಾನೋ ಅದೇ ನೀರು ಕುಡಿದೆ. ತಣ್ಣಗೆ ಚೆನ್ನಾಗಿತ್ತು. ಇದನ್ನು ಮಾತ್ರ ಚಿಗವ್ವನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಕೊನೆಗೆ ಪ್ಯುಯಿ ದ ಡೋಮ್. ಸಾಲಿನಲ್ಲೇ ಎತ್ತರದ್ದು, 1465 ಮೀಟರ್. ಫೋಟೊ ಕಳಿಸು, ಅದರ ಮೇಲೆ ಸೈಕಲ್ ಹಿಡಕೊಂಡು ನಿಂತಿರೋದು, ಅಂತಾರೆ ಎಲ್ಲರೂ. ಫೋಟೊ ಇಲ್ಲ. ಯಾಕಂದರೆ ಹತ್ತಿಲ್ಲ. ಆ ಗುಡ್ಡದ ಲಾವಾ ಅಂಬಲಿಯ ಹಾಗೆ ಹರಿಯುವಂಥದ್ದಾಗಿರಲಿಲ್ಲ, ಮುದ್ದೆಯ ಹಾಗೆ ಗಟ್ಟಿ. ಹೊರಗೆ ಬಂದದ್ದು ಅಲ್ಲೇ ಗುಡ್ಡೆ ಬಿತ್ತು. ಅದಕ್ಕೇ ಆ ಪಾಟಿ ಕಡಿದು. ಗುಡ್ಡವನ್ನು ಸುತ್ತಿಕೊಂಡು ಹತ್ತುವ ರಸ್ತೆಯ ಕೊನೆಯ ನಾಲ್ಕು ಕಿಲೋಮೀಟರು ಉಸಿರು ಬಿಡೋಕೂ ಸಡಿಲಿಲ್ಲದ, ನೂರಕ್ಕೆ 12ರ ಏರು. 1964ರ ಟೂರ್‌ನಲ್ಲಿ ಫ್ರಾನ್ಸಿನ ಸವಾರರಾದ ಆಂಕೆತಿಲ್ ಮತ್ತು ಪುಲಿದೋರ್ ಇದೇ ರಸ್ತೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಹತ್ತಿದ್ದು. ಕೊನೆಗೆ ಆಂಕೆತಿಲ್ ಹಿಂದೆ ಬಿದ್ದ, ಆದರೆ ಅವನ ಹತ್ತಿರ 14 ಸೆಕೆಂಡ್ ಮುನ್ನಡೆ ಉಳಿಯಿತು, ಟೂರ್ ಗೆದ್ದದ್ದು ಅವನೇ. ಪುಲಿದೋರ್ ಒಂದು ದಿನವೂ ಟೂರ್‌ನಲ್ಲಿ ಎಲ್ಲರಿಗಿಂತ ಮುಂದಿರುವವನು ಹಾಕುವ ಹಳದಿ ಜರ್ಸಿ ಹಾಕದೆ ಹೋದ. ಇಲ್ಲಿಯ ಮುದುಕರಿಗೆ ಇವತ್ತಿಗೂ ಅವನೇ ಪ್ರೀತಿ.

2012ರಲ್ಲಿ ಆ ದಾರಿಯಲ್ಲಿ ಹಲ್ಲುಗಾಲಿ ರೈಲು ಬಂತು. ರೈಲಿನ ಪಕ್ಕ ಉಳಿದ ರಸ್ತೆ ಕಿರಿದು, ಮಾಮೂಲಿ ದಿನಗಳಲ್ಲಿ ಸೈಕಲ್ಲಿಗೆ ಪ್ರವೇಶ ಇಲ್ಲ. 1988ರ ನಂತರ 35 ವರ್ಷ ಬಿಟ್ಟು 2023ರಲ್ಲಿ ಟೂರ್ ಮತ್ತೆ ಅಲ್ಲಿಗೆ ಬಂದಾಗಲೂ ಕೊನೆಯ ನಾಲ್ಕು ಕಿಲೋಮೀಟರಿಗೆ ಪ್ರೇಕ್ಷಕರನ್ನೇ ಬಿಡಲಿಲ್ಲ. ಆ ದಿನದ ಓಟ ಕೆನಡಾದ ಮೈಕಲ್ ವುಡ್ಸ್ ಗೆದ್ದ, ಚಪ್ಪಾಳೆ ಇಲ್ಲದ ರಸ್ತೆಯಲ್ಲಿ. ನಾನು ಮನೆಯ ಕಿಟಕಿಯಿಂದ ಗುಡ್ಡ ನೋಡ್ತಾ ಟಿವಿಯಲ್ಲಿ ಅದೇ ಗುಡ್ಡ ನೋಡಿದೆ. ಹೊಟ್ಟೆ ಉರೀತು, ಸುಳ್ಳು ಯಾಕೆ.

ಹಾಗಂತ ನಾನು ಮೇಲೆ ಹೋಗೇ ಇಲ್ಲ ಅಂತಲ್ಲ. ಸೈಕಲ್ಲನ್ನು ಕೆಳಗೆ ಬೀಗ ಹಾಕಿ, ಹಳೇ ಕಾಲದ ಕಾಲುದಾರಿಯಲ್ಲಿ ನಡೆದು ಹೋಗಿದ್ದೀನಿ. ಮೇಲೆ ಟಿವಿ ಗೋಪುರ ಇದೆ, ಗಾಳಿ ಇದೆ, ಮತ್ತೆ ರೋಮನ್ನರು ಕಟ್ಟಿದ ಮರ್ಕ್ಯುರಿ ದೇವರ ಗುಡಿಯ ಪಾಳು ಗೋಡೆಗಳು. ಅದೂ ಲಾವಾಕಲ್ಲೇ. ಅಲ್ಲಿಂದಲೇ ಚಿಗವ್ವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

"ಅದೇನೋ ಅದು, ಗುಡಿ ಐತೇನು?"

"ಹೌದು, ಎರಡು ಸಾವಿರ ವರ್ಷದ ಹತ್ತಿರ ಆಯ್ತು. ದಾರಿಹೋಕರನ್ನು ಕಾಯೋ ದೇವರಂತೆ."

"ಮೊದಲ ಹೇಳಬಾರದೇನೋ? ನಾ ಸುಮ್ನ ಹೆದರಿದ್ನಿ. ಕಾಯಿ ಒಡಿಸಿದೇನು?"