ಚಂದ್ರನ ಮಣ್ಣು ಯಾವ ಗಳಿಗೆಯಲ್ಲಿ ಕಂಪನಿಯ ಸ್ವತ್ತಾಗುತ್ತದೆ?

ಹತ್ತು ಸೆಂಟ್‌ನ ಒಂದು ಕಂತಿನಿಂದ ಶುರು ಮಾಡೋಣ. 2020ರ ಡಿಸೆಂಬರ್‌ನಲ್ಲಿ ನಾಸಾ ಚಂದ್ರನ ಮಣ್ಣು ಕೊಳ್ಳಲು ನಾಲ್ಕು ಕರಾರು ಮಾಡಿಕೊಂಡಿತು. ಅಮೆರಿಕದ ಲೂನಾರ್ ಔಟ್‌ಪೋಸ್ಟ್ ಕಂಪನಿ ಕೇಳಿದ ಬೆಲೆ 1 ಡಾಲರ್. ಜಪಾನಿನ ಐಸ್ಪೇಸ್ ಮತ್ತು ಅದರ ಲಕ್ಸೆಂಬರ್ಗ್ ಶಾಖೆಯದು ತಲಾ 5,000, ಮಾಸ್ಟನ್‌ದು 15,000. ಎಲ್ಲ ಕೂಡಿದರೆ 25,001 ಡಾಲರ್. ಕರಾರು ಆದಾಗ ಶೇ 10, ಉಡಾವಣೆ ಆದಾಗ ಶೇ 10, ಕೆಲಸ ಮುಗಿದ ಮೇಲೆ ಉಳಿದ ಶೇ 80. ಹಾಗಾಗಿ ಲೂನಾರ್ ಔಟ್‌ಪೋಸ್ಟ್‌ನ ಮೊದಲ ಕಂತು ಹತ್ತೇ ಸೆಂಟ್.

ಮಣ್ಣು ಭೂಮಿಗೆ ಬರಬೇಕೆಂಬ ಷರತ್ತೇ ಇರಲಿಲ್ಲ. 50ರಿಂದ 500 ಗ್ರಾಂ ಸಂಗ್ರಹಿಸಬೇಕು, ಅದರ ಚಿತ್ರವನ್ನೂ ಎಲ್ಲಿ ಸಂಗ್ರಹಿಸಿದ್ದು ಎಂಬ ಮಾಹಿತಿಯನ್ನೂ ಕಳಿಸಬೇಕು, ಆಮೇಲೆ ಮಣ್ಣು ಅಲ್ಲೇ ಬಿದ್ದಿರುವಂತೆಯೇ ಒಡೆತನವನ್ನು ನಾಸಾಗೆ ಬರೆದುಕೊಡಬೇಕು. ನಾಸಾಗೆ ಬೇಕಿದ್ದುದು ಮಣ್ಣಲ್ಲ, ಕ್ರಯಪತ್ರ. ಖಾಸಗಿ ಕಂಪನಿ ಅಲ್ಲಿ ಅಗೆದದ್ದನ್ನು ಮಾರಿತು, ಒಂದು ಸರ್ಕಾರ ದುಡ್ಡು ಕೊಟ್ಟು ಕೊಂಡಿತು ಎಂಬ ಉದಾಹರಣೆ ಕಡತದಲ್ಲಿ ಇರಲಿ ಎಂಬುದು ಉದ್ದೇಶ.

ಇಂಥ ಉದಾಹರಣೆ ಯಾಕೆ ಬೇಕಾಯಿತು? 1967ರ ಬಾಹ್ಯಾಕಾಶ ಒಪ್ಪಂದದ 2ನೇ ವಿಧಿಯ ಪ್ರಕಾರ ಚಂದ್ರನನ್ನಾಗಲಿ ಇತರ ಆಕಾಶಕಾಯಗಳನ್ನಾಗಲಿ ಯಾವ ದೇಶವೂ ತನ್ನದಾಗಿಸಿಕೊಳ್ಳುವಂತಿಲ್ಲ. ಸಾರ್ವಭೌಮತ್ವದ ಹೆಸರಲ್ಲೂ ಇಲ್ಲ, ಬಳಕೆಯಿಂದಲೂ ಇಲ್ಲ, ಬೀಡುಬಿಟ್ಟೂ ಇಲ್ಲ. ಆದರೆ 1ನೇ ವಿಧಿ ಅನ್ವೇಷಣೆಗೂ ಬಳಕೆಗೂ ಎಲ್ಲರಿಗೂ ಸ್ವಾತಂತ್ರ್ಯ ಕೊಡುತ್ತದೆ. ಅಗೆದು ತೆಗೆದ ಮಣ್ಣಿನ ಬಗ್ಗೆ ಎರಡೂ ವಿಧಿಗಳಲ್ಲಿ ಒಂದಕ್ಷರವಿಲ್ಲ. ಈಗ ಹಲವು ದೇಶಗಳು ನೆಚ್ಚಿಕೊಂಡಿರುವುದು ಕಡಲಿನ ಹೋಲಿಕೆಯನ್ನು: 200 ನಾಟಿಕಲ್ ಮೈಲಿಯಾಚೆಯ ಸಮುದ್ರ ಯಾರದ್ದೂ ಅಲ್ಲ, ಅಲ್ಲಿ ಬಲೆಗೆ ಬಿದ್ದ ಮೀನು ಮಾತ್ರ ಬಲೆ ಬೀಸಿದವರದು. ಇದನ್ನು ಒಪ್ಪದವರು ಕಡಲ ತಳವನ್ನು ತೋರಿಸುತ್ತಾರೆ. ಅಲ್ಲಿನ ಲೋಹದ ಗಂಟುಗಳಿಗೆ ಮೊದಲು ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಪ್ರಾಧಿಕಾರದ ಜೊತೆ ಗುತ್ತಿಗೆ ಆಗಬೇಕು. ಮೀನು ಮರಿ ಹಾಕುತ್ತದೆ, ಅದಿರು ಹಾಕುವುದಿಲ್ಲ ಎಂಬುದು ಅವರ ವಾದ, ಅದರಲ್ಲಿ ಹುರುಳಿದೆ.

ನೆಲದ ವಿಷಯದಲ್ಲಂತೂ ಗೊಂದಲವಿಲ್ಲ. ಚಂದ್ರನ ಮೇಲೆ ಎಕರೆ ಲೆಕ್ಕದಲ್ಲಿ ಸೈಟು ಮಾರುವವರ ಪ್ರಮಾಣಪತ್ರಕ್ಕೆ ಬಿ ಖಾತೆಯಷ್ಟೂ ಬೆಲೆಯಿಲ್ಲ. ಈರೋಸ್ ಕ್ಷುದ್ರಗ್ರಹ ತನ್ನದೆಂದು ಘೋಷಿಸಿಕೊಂಡ ಅಮೆರಿಕದ ಒಬ್ಬರು, ಅಲ್ಲಿ ಇಳಿದ ನಾಸಾ ನೌಕೆಗೆ 20 ಡಾಲರ್ ಪಾರ್ಕಿಂಗ್ ಬಿಲ್ ಕಳಿಸಿ, ಅದಕ್ಕಾಗಿ ಕೋರ್ಟಿಗೂ ಹೋಗಿ 2004ರಲ್ಲಿ ಸೋತರು. ನೆಲದಿಂದ ಬಿಡಿಸಿ ತಂದ ಕಲ್ಲಿನ ಕತೆ ಬೇರೆ. ಸೋವಿಯತ್ ಒಕ್ಕೂಟದ ಲೂನಾ-16 ತಂದಿದ್ದ ಸುಮಾರು 0.2 ಗ್ರಾಂ ಕಣಗಳು 1993ರಲ್ಲಿ ಸೋದೆಬೀಸ್ ಹರಾಜಿನಲ್ಲಿ 4,42,500 ಡಾಲರಿಗೆ ಮಾರಾಟವಾದವು. 2018ರಲ್ಲಿ ಅವೇ ಕಣಗಳಿಗೆ 8,55,000 ಡಾಲರ್ ಬಂತು.

ಹಾಗಾದರೆ ಯಾರದ್ದೂ ಅಲ್ಲದ ನೆಲ ಯಾವ ಗಳಿಗೆಯಲ್ಲಿ ಒಬ್ಬರ ಮಾಲಾಗುತ್ತದೆ? 1979ರ ಚಂದ್ರ ಒಪ್ಪಂದ ನಿಷೇಧಿಸುವುದು ಮೇಲ್ಮೈ, ಒಳನೆಲ ಮತ್ತು 'ಇದ್ದಲ್ಲೇ ಇರುವ' ಸಂಪನ್ಮೂಲದ ಒಡೆತನವನ್ನು. ಆ 'ಇದ್ದಲ್ಲೇ' ಎಂಬ ಪದದ ಮೇಲೇ ಅರ್ಧ ವಾದ ನಿಂತಿದೆ. ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ಸೌದಿ ಅರೇಬಿಯಾ 2024ರ ಜನವರಿಯಲ್ಲಿ ಹೊರಬಿತ್ತು.

ಐಸ್ಪೇಸ್‌ನ ಮೊದಲ ಯಾತ್ರೆಯ ಯೋಜನೆಯಲ್ಲಿ ಈ ಪ್ರಶ್ನೆ ಕಣ್ಣಿಗೆ ರಾಚುತ್ತದೆ. ಅದರಲ್ಲಿ ಸಲಿಕೆಯೇ ಇರಲಿಲ್ಲ. ಇಳಿಯುವಾಗ ಲ್ಯಾಂಡರ್‌ನ ಪಾದದ ಮೇಲೆ ಬಂದು ಕೂರುವ ಧೂಳನ್ನೇ ಫೋಟೊ ತೆಗೆದು ಮಾರುವ ಲೆಕ್ಕಾಚಾರ. ಕಾಲಿಗೆ ಮೆತ್ತಿದ ಧೂಳು 'ಸಂಗ್ರಹ' ಆಗುತ್ತದೆಯೇ? ಜಪಾನಿನ 2021ರ ಕಾಯ್ದೆಯಲ್ಲಿ ಉತ್ತರ ಸಿಗುತ್ತದೆ: ಸರ್ಕಾರ ಒಪ್ಪಿದ ಯೋಜನೆಯಂತೆ ತೆಗೆದು, ತನ್ನದೆಂಬ ಉದ್ದೇಶದಿಂದ ವಶದಲ್ಲಿ ಇಟ್ಟುಕೊಂಡರೆ ಒಡೆತನ ಬರುತ್ತದೆ. ಯೋಜನೆಯಲ್ಲಿ ಉದ್ದೇಶ, ಅವಧಿ, ಜಾಗ, ವಿಧಾನ ಎಲ್ಲ ನಮೂದಾಗಬೇಕು, ಪರವಾನಗಿ ಕೊಟ್ಟ ಮೇಲೆ ಸರ್ಕಾರ ಅದನ್ನು ಪ್ರಕಟಿಸಬೇಕು. ಅಂದರೆ 'ಪಾದದ ಧೂಳು' ಎಂದು ಮೊದಲೇ ಬರೆದಿದ್ದರೆ ಧೂಳೂ ಮಾಲು, ಬರೆಯದಿದ್ದರೆ ಬರೀ ಕೊಳೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಅಚ್ಚುಕಟ್ಟಾದ ಕಾನೂನು ಇದು. ಸಂಡೂರಿನ ಕಬ್ಬಿಣದ ಅದಿರಿಗೂ ಇಂಥದ್ದೊಂದು ಗಳಿಗೆ ಇದೆಯಲ್ಲ, 1957ರ ಗಣಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ರಾಜಧನ ಬೀಳುವುದು ಅದಿರನ್ನು ಗುತ್ತಿಗೆ ಪ್ರದೇಶದಿಂದ ಸಾಗಿಸಿದಾಗ ಅಥವಾ ಬಳಸಿದಾಗ. ಚಂದ್ರನಲ್ಲಿ ಗುತ್ತಿಗೆಯ ಗಡಿಯೂ ಇಲ್ಲ, ಪರ್ಮಿಟ್ ನೋಡುವ ಚೆಕ್‌ಪೋಸ್ಟೂ ಇಲ್ಲ. ಇರುವುದು ಫೋಟೊ, ಸಮಯದ ಮುದ್ರೆ, ಅಕ್ಷಾಂಶ-ರೇಖಾಂಶ.

ಅವೂ ಸಿಗಲಿಲ್ಲ ಎಂಬುದು ಆ ನಾಲ್ಕು ಕರಾರುಗಳ ಹಣೆಬರಹ. 2023ರ ಏಪ್ರಿಲ್‌ನಲ್ಲಿ ಐಸ್ಪೇಸ್ ಲ್ಯಾಂಡರ್ ಕುಳಿಯೊಂದರ ಅಂಚು ದಾಟುವಾಗ ಎತ್ತರದ ಅಳತೆ ಒಮ್ಮೆಲೇ ಬದಲಾಯಿತು. ಸಾಫ್ಟ್‌ವೇರ್ ಸೆನ್ಸರನ್ನೇ ತಪ್ಪೆಂದು ಬದಿಗಿಟ್ಟಿತು, ಸುಮಾರು 5 ಕಿ.ಮೀ. ಎತ್ತರದಲ್ಲಿದ್ದಾಗ ನೆಲಕ್ಕೆ ಬಂದೆನೆಂದುಕೊಂಡಿತು, ಇಂಧನ ಮುಗಿದು ಬಿತ್ತು. 2025ರ ಜೂನ್‌ನಲ್ಲಿ ಎರಡನೇ ಲ್ಯಾಂಡರ್, ಅದರೊಳಗಿದ್ದ ಲಕ್ಸೆಂಬರ್ಗ್ ರೋವರ್ ಸಮೇತ ಅಪ್ಪಳಿಸಿತು. ಲೂನಾರ್ ಔಟ್‌ಪೋಸ್ಟ್ ರೋವರನ್ನು ಹೊತ್ತಿದ್ದ ಅಥೀನಾ ಎಂಬ ಲ್ಯಾಂಡರ್ ಅದೇ ವರ್ಷದ ಮಾರ್ಚ್‌ನಲ್ಲಿ ಪಕ್ಕಕ್ಕೆ ಉರುಳಿದ್ದರಿಂದ ರೋವರ್ ಹೊರಗೆ ಬರಲೇ ಇಲ್ಲ. ಮಾಸ್ಟನ್ 2022ರಲ್ಲೇ ದಿವಾಳಿ ಅರ್ಜಿ ಹಾಕಿತ್ತು.

ಹಕ್ಕು ಹೇಳುವ ಕಾನೂನುಗಳಿಗೇನೂ ಕೊರತೆಯಿಲ್ಲ. ಅಮೆರಿಕದ 2015ರ ಕಾಯ್ದೆ ತನ್ನ ಪ್ರಜೆಗಳಿಗೆ, ಪಡೆದ ಸಂಪನ್ಮೂಲವನ್ನು ಹೊಂದುವ, ಸಾಗಿಸುವ, ಬಳಸುವ, ಮಾರುವ ಹಕ್ಕು ಕೊಟ್ಟಿತು. ಆದರೆ ಗಣಿ ಕೆಲಸಕ್ಕೇ ಮೀಸಲಾದ ಪರವಾನಗಿ ಯಾವ ಇಲಾಖೆಯದು ಎಂದು ಅದು ಹೇಳಲಿಲ್ಲ. ಕಂಪನಿಗಳು ಉಡಾವಣೆ ಪರಿಶೀಲನೆಗೆ ಒಂದು ಕಡೆ, ರೇಡಿಯೊ ತರಂಗಕ್ಕೆ ಇನ್ನೊಂದು ಕಡೆ ಅಲೆಯಬೇಕು. ಲಕ್ಸೆಂಬರ್ಗ್ 2017ರಲ್ಲಿ ದಾರಿ ಸರಳ ಮಾಡಿತು: ಕಚೇರಿ ಅಲ್ಲಿರಬೇಕು, ಅಪಾಯದ ಅಂದಾಜು ಮತ್ತು ಅದನ್ನು ತುಂಬುವ ಹಣ ಅಥವಾ ವಿಮೆ ತೋರಿಸಬೇಕು, ಅರ್ಜಿಗೆ 5,000ದಿಂದ 5,00,000 ಯೂರೋ ಶುಲ್ಕ.

ಇವೆಲ್ಲ ತಂತಮ್ಮ ದೇಶದೊಳಗಿನ ಕಾನೂನುಗಳು ಎಂಬುದನ್ನು ಮರೆಯಬಾರದು. ಟೋಕಿಯೊದ ಪರವಾನಗಿಯನ್ನು ಬೀಜಿಂಗ್ ಮನ್ನಿಸಲೇಬೇಕೆಂದಿಲ್ಲ. ಜಗಳ ಬರುವುದೂ ಬಹುಶಃ ಅಗೆದ ಹಿಡಿಮಣ್ಣಿನ ಮೇಲಲ್ಲ, ಅಗೆಯುವ ಜಾಗದ ಸುತ್ತ. ದಕ್ಷಿಣ ಧ್ರುವದಲ್ಲಿ ವರ್ಷದ ಹೆಚ್ಚು ಭಾಗ ಬಿಸಿಲು ಬೀಳುವ ದಿಬ್ಬಗಳು ಬೆರಳೆಣಿಕೆಯಷ್ಟು. ಚಂದ್ರನ ಅನ್ವೇಷಣೆಗೆ ಅಮೆರಿಕದ ಮುಂದಾಳತ್ವದಲ್ಲಿ ಆದ ಆರ್ಟೆಮಿಸ್ ಒಡಂಬಡಿಕೆ ಕೆಲಸದ ಜಾಗದ ಸುತ್ತ 'ಸುರಕ್ಷತಾ ವಲಯ' ಘೋಷಿಸಲು ಬಿಡುತ್ತದೆ. ಕಾಗದದ ಮೇಲೆ ಅದು ತಾತ್ಕಾಲಿಕ ಸೂಚನೆ ಮಾತ್ರ, ಆದರೆ ಅಂಥ ದಿಬ್ಬದ ಮೇಲೆ ಮೊದಲು ವಲಯ ಹಾಕಿದವರನ್ನು ಎಬ್ಬಿಸುವವರು ಯಾರು? 2023ರ ಜೂನ್‌ನಲ್ಲಿ ಭಾರತವೂ ಈ ಒಡಂಬಡಿಕೆಗೆ ಸಹಿ ಹಾಕಿದೆ.

ಬೆಂಗಳೂರಿನ ಕಂಪನಿಯೊಂದು ಇಂದು ಚಂದ್ರನ 100 ಗ್ರಾಂ ಮಣ್ಣು ಮಾರಲು ಹೊರಟರೆ ಕೈಯಲ್ಲಿರುವುದು ಭಾರತೀಯ ಬಾಹ್ಯಾಕಾಶ ನೀತಿ 2023. ಹೊಂದುವ, ಸಾಗಿಸುವ, ಬಳಸುವ, ಮಾರುವ ಹಕ್ಕಿನ ಮಾತು ಅದರಲ್ಲೂ ಇದೆ, ಹೆಚ್ಚುಕಡಿಮೆ ಅಮೆರಿಕದ ಪದಗಳಲ್ಲೇ. ಜೊತೆಗೊಂದು ಬಾಲ: 'ಅನ್ವಯಿಸುವ ಕಾನೂನಿನಂತೆ'. ಒಡೆತನ ಹೇಳುವ ಕಾನೂನೇ ಇನ್ನೂ ಆಗಿಲ್ಲ, 2017ರ ಕರಡು ಮಸೂದೆ ಕರಡಾಗಿಯೇ ಉಳಿಯಿತು. ನೀತಿಯ ಪ್ಯಾರಾ ತೋರಿಸಿ ಬ್ಯಾಂಕ್ ಸಾಲ ಕೇಳುವುದು ಕಷ್ಟ.

ಕರಾರು ಬರೆಯುವಾಗ ಎಚ್ಚರ ಬೇಕು. 1930ರ ಸರಕು ಮಾರಾಟ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಇನ್ನೂ ಕೈಗೆ ಬಾರದ ಸರಕನ್ನು 'ಮಾರಿದ್ದೇವೆ' ಎಂದು ಬರೆದರೂ ಅದು ಮಾರುವ ಒಪ್ಪಂದ ಮಾತ್ರ. ಆದ್ದರಿಂದ ಒಡೆತನ ದಾಟುವ ಗಳಿಗೆ, ಪುರಾವೆಯ ಪಟ್ಟಿ, ಲ್ಯಾಂಡರ್ ಉರುಳಿದರೆ ಮುಂಗಡ ಯಾರಿಗೆ ಎಂಬ ಮೂರನ್ನೂ ಬಿಡಿಸಿ ಬರೆಯಬೇಕು. ಲಕ್ಸೆಂಬರ್ಗ್‌ನಲ್ಲಿ ಅಂಗಸಂಸ್ಥೆ ತೆರೆದು ಅಲ್ಲಿನ ಪರವಾನಗಿ ಪಡೆಯುವುದು ಇನ್ನೊಂದು ದಾರಿ. ಆದರೆ ರಾಕೆಟ್ ಶ್ರೀಹರಿಕೋಟಾದಿಂದ ಹಾರಿದರೆ ಭಾರತವೂ ಉಡಾವಣಾ ದೇಶವೇ. 1972ರ ಹೊಣೆಗಾರಿಕೆ ಒಪ್ಪಂದದಡಿ ಆ ನೌಕೆಯಿಂದ ಭೂಮಿಯ ಮೇಲೆ ಆಗುವ ಹಾನಿಗೆ ತಪ್ಪಿರಲಿ ಬಿಡಲಿ ಅದು ಹೊಣೆ, ಚಂದ್ರನ ಮೇಲೆ ಬೇರೆಯವರ ನೌಕೆಗೆ ಆಗುವ ಹಾನಿಗೆ ತಪ್ಪು ಸಾಬೀತಾದರೆ ಹೊಣೆ. ಹಾಗಾಗಿ ಲಕ್ಸೆಂಬರ್ಗ್ ಪರವಾನಗಿ ಕೈಯಲ್ಲಿದ್ದರೂ ಖಾಸಗಿ ಬಾಹ್ಯಾಕಾಶ ಕೆಲಸಕ್ಕೆ ಅನುಮತಿ ಕೊಡುವ ಅಹಮದಾಬಾದಿನ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್ ಬಾಗಿಲು ತಟ್ಟದೆ ವಿಧಿಯಿಲ್ಲ. ನಷ್ಟ ತುಂಬಿಕೊಡುವ ಹೊಣೆಯನ್ನು ಕಂಪನಿಯ ಹೆಗಲಿಗೆ ಎಷ್ಟು ದಾಟಿಸಬೇಕು ಎಂಬ ಚೌಕಾಸಿ ನಡೆಯುವುದು ಆ ಮೇಜಿನ ಮೇಲೆ.